ಒಂದೇ ಮನೆ, ಅದೇ ಕಿಟಕಿ, ದಿನವೂ ಅದೇ ರೊಟ್ಟಿ: ಇಲ್ಲಿ ಏನು ಫೋಟೊ ತೆಗೆಯಲಿ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಉಪನ್ಯಾಸಕಿ. ಮನೆಯಲ್ಲಿ ಗಂಡ, ಅತ್ತೆ, ನಾಲ್ಕನೇ ಕ್ಲಾಸಿನ ಮಗಳು ಮತ್ತು ಎಲ್‌ಕೆಜಿಗೆ ಹೋಗುವ ಮಗ ಇದ್ದಾರೆ. ಅಣ್ಣ ತನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು 18–55 ಲೆನ್ಸ್ ಸಮೇತ ಕೊಟ್ಟಿದ್ದಾನೆ. ಫೋಟೊಗ್ರಫಿ ಕಲಿಯುವ ಆಸೆ ಬಹಳ ಇದೆ. ಆದರೆ ಕಾಲೇಜು, ಮನೆ, ಮಕ್ಕಳ ನಡುವೆ ಹಂಪಿಗೋ ಕಾಡಿಗೋ ಹೋಗಿ ಬರಲು ಆಗುವುದಿಲ್ಲ. ಮನೆಯಲ್ಲೇ ತೆಗೆದರೆ ಎಲ್ಲವೂ ಒಂದೇ ಥರ: ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಸಾಲಾಗಿ ನಿಂತ ಜನ. ಮನೆ ಚಿಕ್ಕದು, ಎಲ್ಲಿ ನೋಡಿದರೂ ಸಾಮಾನು. ಕ್ಯಾಮೆರಾ ಕಂಡರೆ ಮಗ ಮುಖ ಸೊಟ್ಟ ಮಾಡುತ್ತಾನೆ, ಅತ್ತೆ ಸೆರಗು ಅಡ್ಡ ಹಿಡಿಯುತ್ತಾರೆ. ಇಂಥ ಮನೆಯಲ್ಲಿ ಸೃಜನಶೀಲ ಫೋಟೊಗ್ರಫಿ ಸಾಧ್ಯವೇ? ಹೊಸ ಲೆನ್ಸ್ ಕೊಳ್ಳಬೇಕೇ?

ಉತ್ತರ: ಖಂಡಿತ ಸಾಧ್ಯ. ಊರೂರು ಸುತ್ತಿ ಫೋಟೊ ತೆಗೆಯುವವರಿಗೆ ಸಿಗದ ಒಂದು ಅನುಕೂಲವೂ ನಿಮಗಿದೆ. ಹಂಪಿಗೆ ಹೋದವರು ಮೋಡ ಕವಿದರೆ ಕೈಕಟ್ಟಿ ಕೂರಬೇಕು. ಬೆಳಕು ತಪ್ಪಿಹೋದರೆ ಮತ್ತೊಂದು ರಜೆ ಸಿಗುವವರೆಗೆ ಕಾಯಬೇಕು. ಮದುವೆ ಫೋಟೊ ತೆಗೆಯುವವರಿಗಂತೂ ಮಾಂಗಲ್ಯಧಾರಣೆ ಒಂದೇ ಸಲ, ಅಷ್ಟರಲ್ಲಿ ಯಾರದೋ ತಲೆ ಅಡ್ಡ ಬಂದರೆ ಮುಗಿಯಿತು. ನಿಮ್ಮ ಮನೆಯಲ್ಲಿ ಹಾಗಲ್ಲ. ಮಗಳಿಗೆ ಜಡೆ ಹಾಕುವುದು ನಾಳೆ ಬೆಳಿಗ್ಗೆ ಮತ್ತೆ ಇದೆ. ಅತ್ತೆ ರೊಟ್ಟಿ ತಟ್ಟುವುದು ನಾಳೆಯೂ ಇದೆ, ನಾಡಿದ್ದೂ ಇದೆ. ಹೆಚ್ಚುಕಡಿಮೆ ಅದೇ ಹೊತ್ತು, ಅದೇ ಜಾಗ, ಅದೇ ಬೆಳಕು. ಇವತ್ತು ಕೈ ಅಲುಗಿ ಹಾಳಾದ ಫೋಟೊವನ್ನು ನಾಳೆ ಸರಿಮಾಡಬಹುದು, ಇವತ್ತು ಎಡಗಡೆ ನಿಂತವರು ನಾಳೆ ಬಲಗಡೆ ನಿಂತು ನೋಡಬಹುದು. 'ಎಲ್ಲ ಒಂದೇ ಥರ' ಎಂದು ನೀವು ಬೇಸರಪಟ್ಟುಕೊಂಡಿರುವುದು ಇದನ್ನೇ. ನನ್ನ ಮಟ್ಟಿಗೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಮನೆಯೇ ಸಾಕಾಯಿತು ಎನ್ನುವಂತೆ ಕೆಲಸ ಮಾಡಿದವರು ಫೋಟೊಗ್ರಫಿಯ ಇತಿಹಾಸದಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಲ್ಕತ್ತೆಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರಿಗೆ ಮಗಳು ಮತ್ತು ಅಳಿಯ ಕ್ಯಾಮೆರಾ ತಂದುಕೊಟ್ಟದ್ದು 1863ರ ಡಿಸೆಂಬರಿನಲ್ಲಿ. ಆಗ ಅವರಿಗೆ 48 ವರ್ಷ. ಕಲ್ಲಿದ್ದಲು ತುಂಬಿಡುತ್ತಿದ್ದ ಕೋಣೆಯನ್ನು ಫೋಟೊ ತೊಳೆಯುವ ಡಾರ್ಕ್‌ರೂಮ್ ಮಾಡಿಕೊಂಡರು, ಕೋಳಿಗೂಡನ್ನು ಸ್ಟುಡಿಯೋ ಮಾಡಿಕೊಂಡರು. ಮನೆಗೆಲಸದವರು, ನೆಂಟರಿಷ್ಟರು, ಅಕ್ಕಪಕ್ಕದ ಮಕ್ಕಳನ್ನು ಕೂರಿಸಿ ತೆಗೆದರು. ಫೋಕಸ್ ಮೃದುವಾಗಿದೆ, ಮಸುಕಾಗಿದೆ ಎಂದು ಅಂದಿನವರು ಟೀಕಿಸಿದ ಆ ಚಿತ್ರಗಳನ್ನು ಇಂದು ದೊಡ್ಡ ದೊಡ್ಡ ಮ್ಯೂಸಿಯಂಗಳು ಜೋಪಾನ ಮಾಡಿಟ್ಟಿವೆ. ನಮ್ಮವರೇ ಬೇಕೆಂದರೆ, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954) ಇದ್ದಾರೆ. ಅವರು ಸಂಸ್ಕೃತ, ಪರ್ಷಿಯನ್ ಓದಿಕೊಂಡ ವಿದ್ವಾಂಸರು, ಫೋಟೊಗ್ರಫಿ ಅವರ ಕಸುಬಾಗಿರಲಿಲ್ಲ. ಆದರೂ ದಶಕಗಟ್ಟಲೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮತ್ತು ತಮ್ಮನ್ನೇ ವಿಷಯ ಮಾಡಿಕೊಂಡು ಚಿತ್ರ ತೆಗೆದರು. ಅವರ ಬಗ್ಗೆ ಇನ್ನೊಂದು ಮಾತು ಮುಂದೆ ಹೇಳುತ್ತೇನೆ.

ಈಗ ನಿಮ್ಮ ಮನೆಗೆ ಬರೋಣ. ಮೊದಲ ಒಂದು ವಾರ ಕ್ಯಾಮೆರಾ ಮುಟ್ಟದಿದ್ದರೂ ಪರವಾಗಿಲ್ಲ, ಬೆಳಕನ್ನು ಗಮನಿಸಿ. ಬೆಳಿಗ್ಗೆ ಏಳಕ್ಕೆ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಒಂಬತ್ತಕ್ಕೆ ನೆಲದ ಮೇಲೆ ಎಲ್ಲಿಯವರೆಗೆ ಚಾಚುತ್ತದೆ, ಎದುರು ಮನೆಯ ಬಿಳಿ ಗೋಡೆಗೆ ಬಿದ್ದ ಸಂಜೆ ಬಿಸಿಲು ನಿಮ್ಮ ನಡುಮನೆಗೆ ತಿರುಗಿ ಬರುತ್ತದೆಯೇ? ಇದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಹೊರಗಿನಿಂದ ಬಂದ ಎಷ್ಟು ದೊಡ್ಡ ಫೋಟೊಗ್ರಾಫರಿಗೂ ನಿಮ್ಮ ಮನೆಯ ಬೆಳಕಿನ ವೇಳಾಪಟ್ಟಿ ಗೊತ್ತಿರುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಯೂರೋಪು, ಅಮೆರಿಕದವರು ಬರೆದ ಪಾಠಗಳಲ್ಲಿ 'ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಅಲ್ಲಿ ವರ್ಷವಿಡೀ ಮೃದುವಾದ ಬೆಳಕು' ಎಂದಿರುತ್ತದೆ. ಅವರ ಊರಿಗೆ ಅದು ಹೆಚ್ಚುಕಡಿಮೆ ಸರಿ, ನಮಗೆ ಅಷ್ಟು ಹೊಂದುವುದಿಲ್ಲ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಿಮ್ಮ ನೆತ್ತಿಯ ಮೇಲೇ ಇರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದಲ್ಲೂ ಅವನು ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೇ, ಜೂನ್‌ನಲ್ಲಿ ಹುಟ್ಟುವುದು ಈಶಾನ್ಯದ ಕಡೆ, ಮುಳುಗುವುದು ವಾಯವ್ಯದ ಕಡೆ. ಹಾಗಾಗಿ ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬೀಳುತ್ತದೆ. ಡಿಸೆಂಬರಿನಲ್ಲಿ ಲೆಕ್ಕ ತಿರುಗುಮುರುಗು: ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಯ ಬಿಸಿಲು ಕೋಣೆಯ ಒಳಗೆ ತುಂಬ ದೂರ ಬರುತ್ತದೆ. ವರ್ಷಕ್ಕೆ ಎರಡು ಮೂರು ಸಲವಾದರೂ ನಿಮ್ಮ ಹಾಳೆಯನ್ನು ತಿದ್ದಿಕೊಳ್ಳಿ. ಬಿಸಿಲು ತೀರ ಚುರುಕಾಗಿದ್ದರೆ ಕಿಟಕಿಗೆ ಹಳೆಯ ಬಿಳಿ ಪಂಚೆಯನ್ನು ಇಳಿಬಿಡಿ. ಮೃದುವಾದ ಬೆಳಕಿಗಾಗಿ ಸ್ಟುಡಿಯೋದವರು ದುಡ್ಡು ಕೊಟ್ಟು ತರುವ ಸಾಫ್ಟ್‌ಬಾಕ್ಸ್ ಮಾಡುವ ಕೆಲಸವನ್ನೇ ಆ ಪಂಚೆ ಮಾಡುತ್ತದೆ.

'ಎಲ್ಲಿ ನೋಡಿದರೂ ಸಾಮಾನು' ಎಂದಿದ್ದೀರಿ. ಇದಕ್ಕೂ ಬೆಳಕೇ ಮದ್ದು. ಕಿಟಕಿಯಿಂದ ದೂರ ಸರಿದಂತೆಲ್ಲ ಬೆಳಕು ಬೇಗ ಬೇಗ ಇಳಿದುಬಿಡುತ್ತದೆ, ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಅದು ಗೊತ್ತಾಗುವುದಿಲ್ಲ. ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಮಗಳನ್ನು ಕಿಟಕಿಯಿಂದ ಎರಡು ಮೂರು ಅಡಿ ಒಳಗೆ ಕೂರಿಸಿ, ಹಿಂದಿನ ಗೋಡೆ ಹತ್ತು ಅಡಿ ಆಚೆ ಇರಲಿ, ಟ್ಯೂಬ್‌ಲೈಟ್ ಆರಿಸಿ. ಮುಖಕ್ಕೆ ಸರಿಹೊಂದುವಂತೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಇಟ್ಟರೆ ಹಿಂದಿನ ಕಬೋರ್ಡು, ಬಟ್ಟೆ ರಾಶಿ, ಇಸ್ತ್ರಿ ಟೇಬಲ್ಲು ಎಲ್ಲ ಕತ್ತಲಲ್ಲಿ ಕರಗುತ್ತವೆ. ಕ್ಯಾಮೆರಾ ತಾನೇ ನಿರ್ಧರಿಸಿದರೆ ಕತ್ತಲನ್ನೂ ಬೆಳಗಿಸಲು ಹೋಗಿ ಮುಖ ಬೆಳ್ಳಗೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಎಂಬ ಪ್ಲಸ್–ಮೈನಸ್ ಗುಂಡಿಯನ್ನು ಮೈನಸ್ ಒಂದಕ್ಕೆ ಇಳಿಸಿ ನೋಡಿ. ಫೋನಿನಲ್ಲಾದರೆ ಮುಖದ ಮೇಲೆ ಒತ್ತಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ಅದೇ ಕೆಲಸ ಆಗುತ್ತದೆ.

ಹಾಗೆಂದು ಇರುವ ಸಾಮಾನನ್ನೆಲ್ಲ ಮರೆಮಾಡುವ ಅಗತ್ಯವಿಲ್ಲ. ಕಣ್ಣಿಗೆ ಹೊಡೆಯುವ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದರೆ ಎಷ್ಟೋ ಸಲ ಚಿತ್ರ ತಾನೇ ತಾನಾಗಿ ಕೂಡಿಕೊಳ್ಳುತ್ತದೆ. ಗೋಡೆಯ ಕ್ಯಾಲೆಂಡರು, ಅದರಲ್ಲಿ ಬರೆದ ಹಾಲಿನ ಲೆಕ್ಕ, ಬಾಗಿಲ ಚೌಕಟ್ಟಿಗೆ ಮಕ್ಕಳ ಎತ್ತರ ಅಳೆದು ಗೀಚಿದ ಗೆರೆಗಳು, ಟಿವಿ ಮೇಲೆ ಹಾಸಿದ ಕ್ರೋಶಾ ಬಟ್ಟೆ, ಇವನ್ನು ದಯವಿಟ್ಟು ಬಿಡಿ. ಇಪ್ಪತ್ತು ವರ್ಷ ಕಳೆದ ಮೇಲೆ ಮಕ್ಕಳು ಮುಖಗಳನ್ನು ನೋಡಿ ಮುಗಿಸಿದ ಬಳಿಕ ಹುಡುಕುವುದು ಇವನ್ನೇ.

ಇನ್ನು ಅತ್ತೆಯ ಮಾತು. ಸೆರಗು ಅಡ್ಡ ಹಿಡಿಯುವುದನ್ನು ನಾಚಿಕೆ ಎಂದು ತಳ್ಳಿಹಾಕಬೇಡಿ. ಕದ್ದು ತೆಗೆಯಲಂತೂ ಹೋಗಲೇಬೇಡಿ, ಒಮ್ಮೆ ವಿಶ್ವಾಸ ಹೋದರೆ ಮನೆಯಲ್ಲಿ ಕ್ಯಾಮೆರಾಕ್ಕೆ ಜಾಗವಿಲ್ಲ. ನನ್ನ ಬಳಿ ಕಲಿಯಲು ಬರುವವರಿಗೆ ನಾನು ಹೇಳುವುದು ಇಷ್ಟು: ಮುಖ ಬೇಡ ಎಂದರೆ ಕೈ ಕೇಳಿ. 'ಅತ್ತೇ, ನೀವು ರೊಟ್ಟಿ ತಟ್ಟುವುದನ್ನು ತೆಗೀಬೇಕು ಅಂತ ಆಸೆ, ಮುಖ ಬರೋದಿಲ್ಲ, ಕೈ ಮಾತ್ರ' ಎಂದು ಹೇಳಿ ನೋಡಿ. ಇಷ್ಟು ವರ್ಷ ತಟ್ಟಿದ ಕೈಯಲ್ಲಿ ಹೆಮ್ಮೆ ಪಡುವಂಥದ್ದೇನೋ ಇದೆ ಎಂದು ಮನೆಯವರಲ್ಲಿ ಯಾರಾದರೂ ಅವರಿಗೆ ಹೇಳಿದ್ದಾರೋ ಇಲ್ಲವೋ. ನೀವು ಹೇಳಿ.

ಜೋಳದ ರೊಟ್ಟಿಯ ಕೆಲಸದಷ್ಟು ಫೋಟೊಗೆ ಒದಗುವ ಮನೆಗೆಲಸ ನನಗೆ ಇನ್ನೊಂದು ಗೊತ್ತಿಲ್ಲ. ಒಂದೊಂದು ದಿನ ಒಂದೊಂದು ಹಂತ ಹಿಡಿಯಿರಿ. ಮೊದಲ ದಿನ ಎಸರು ಹಾಕಿ ಹಿಟ್ಟು ನಾದುವುದು. ಬೆರಳ ಸಂದಿಯಲ್ಲಿ ಅಂಟಿದ ಹಿಟ್ಟು, ಬಳೆ ಮೇಲಕ್ಕೆ ಸರಿಸಿಕೊಂಡ ಮುಂಗೈ. ಇಲ್ಲಿ ಮೇಲಿನಿಂದ ನೇರ ಕೆಳಗೆ ನೋಡುವಂತೆ ತೆಗೆಯಿರಿ, ಬೇಕಾದರೆ ಸ್ಟೂಲ್ ಹತ್ತಿ. ಮರುದಿನ ತಟ್ಟುವುದು. ಇದರಲ್ಲಿ ಶಟರ್ ಸ್ಪೀಡಿನ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕಿಗೆ ತೆರೆದಿರುತ್ತದೆ ಎಂಬುದರ, ಪೂರ್ತಿ ಪಾಠ ಅಡಗಿದೆ. ಆ ಹೊತ್ತನ್ನು ನೀವೇ ಗೊತ್ತುಮಾಡುವ ಶಟರ್ ಪ್ರಯಾರಿಟಿ ಮೋಡಿಗೆ ಹಾಕಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಸಂಖ್ಯೆ) ಆಟೊ ಇಡಿ. 1/500 ಸೆಕೆಂಡಿನಲ್ಲಿ ತೆಗೆದರೆ ಕೈ ಗಾಳಿಯಲ್ಲಿ ನಿಂತುಬಿಡುತ್ತದೆ, ಸಿಡಿದ ಒಣ ಹಿಟ್ಟಿನ ಕಣಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಅದನ್ನೇ 1/15ಕ್ಕೆ ಇಳಿಸಿ, ಕ್ಯಾಮೆರಾವನ್ನು ಡಬ್ಬಿಯ ಮೇಲೋ ಕಟ್ಟೆಯ ಮೇಲೋ ಅಲುಗದಂತೆ ಇಟ್ಟು ತೆಗೆಯಿರಿ. ಈಗ ಕಲ್ಲು, ಹಿಟ್ಟಿನ ಬೋಗುಣಿ, ಗೋಡೆ ಎಲ್ಲ ಸ್ಫುಟ, ಕೈಗಳು ಮಾತ್ರ ಬಿಳಿ ಮಂಜಿನ ಹಾಗೆ ಸುತ್ತುತ್ತಿರುತ್ತವೆ. ಎರಡೂ ನಿಜವಾದ ಚಿತ್ರಗಳೇ. ಒಂದರಲ್ಲಿ ಕೈ ಇದೆ, ಇನ್ನೊಂದರಲ್ಲಿ ಕೆಲಸದ ವೇಗ ಇದೆ. ನಿಮಗೆ ಯಾವುದು ಬೇಕು ಎಂದು ತೀರ್ಮಾನಿಸುವ ಕ್ಷಣದಲ್ಲೇ ನೀವು ಕೇಳಿದ 'ಸೃಜನಶೀಲ' ಶುರುವಾಗುವುದು.

ಮೂರನೇ ದಿನ ಹಂಚಿನ ಮುಂದೆ ನಿಲ್ಲಿ. ರೊಟ್ಟಿ ಹಂಚಿಗೆ ಬಿದ್ದ ಮೇಲೆ ಅತ್ತೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರಲ್ಲ, ಆಗ ಏಳುವ ಹಬೆ ಒಂದೆರಡು ಕ್ಷಣ ಮಾತ್ರ ಇರುತ್ತದೆ. ಹಬೆ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು, ಅದರ ಹಿನ್ನೆಲೆ ಕಪ್ಪಾಗಿರಬೇಕು. ಅಂದರೆ ಕಿಟಕಿ ನಿಮ್ಮ ಎದುರುಗಡೆ ಓರೆಯಾಗಿ ಇರಲಿ, ಆದರೆ ಚೌಕಟ್ಟಿನೊಳಗೆ ಬರದಿರಲಿ. ಹಂಚಿನ ಆಚೆ ಮಸಿಗಟ್ಟಿದ ಗೋಡೆಯೋ ಕಪ್ಪು ಬಾಣಲೆಯೋ ಬರುವಂತೆ ನಿಲ್ಲಿ. ನೀವು ಅಂದುಕೊಂಡ ಜಾಗ ಬಹುಶಃ ಒಂದು ಹೆಜ್ಜೆ ತಪ್ಪಿರುತ್ತದೆ. ನಾಳೆ ಆ ಒಂದು ಹೆಜ್ಜೆ ಸರಿಯಿರಿ. ಮಾರನೆಯ ದಿನ ರೊಟ್ಟಿ ಉಬ್ಬುವುದು, ಆಮೇಲೆ ಬುಟ್ಟಿಯಲ್ಲಿ ಪೇರಿಸಿದ್ದು, ಕೊನೆಗೆ ಎಲ್ಲರದೂ ಮುಗಿದ ಮೇಲೆ ಒಬ್ಬರೇ ಕೂತು ಅತ್ತೆ ಉಣ್ಣುವುದು. ಆ ಕೊನೆಯದನ್ನು ಕೇಳಿಯೇ ತೆಗೆಯಿರಿ. ಆ ಹೊತ್ತಿಗೆ, ಕೈಗಳ ನಾಲ್ಕಾರು ಚಿತ್ರ ನೋಡಿದ ಮೇಲೆ, ಅವರೇ ಮುಖ ಎತ್ತಿದರೂ ಎತ್ತಬಹುದು. ಎತ್ತದಿದ್ದರೆ ಕೈಗಳೇ ಸಾಕು.

ಅಡುಗೆಮನೆಯ ಎರಡು ತಾಂತ್ರಿಕ ತೊಂದರೆಗಳನ್ನು ಈಗಲೇ ಹೇಳಿಬಿಡುತ್ತೇನೆ. ಒಂದು, ಜಿಡ್ಡು. ಒಗ್ಗರಣೆಯ ಎಣ್ಣೆ ಕಣ್ಣಿಗೆ ಕಾಣದಂತೆ ಲೆನ್ಸಿಗೆ, ಅದರಲ್ಲೂ ಫೋನಿನ ಲೆನ್ಸಿಗೆ ಅಂಟುತ್ತದೆ. 'ನನ್ನ ಫೋನಿನಲ್ಲಿ ಫೋಟೊ ಮಂಜಾಗಿ ಬರುತ್ತದೆ' ಎಂದು ತರುವವರಲ್ಲಿ ಬಹುಪಾಲು ಜನರ ಸಮಸ್ಯೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿದರೆ ಮುಗಿಯುತ್ತದೆ. ಎರಡು, ಫೋಟೊದ ತುಂಬ ಅಡ್ಡಡ್ಡ ಪಟ್ಟಿಗಳು. ನಮ್ಮ ಕರೆಂಟು 50 ಹರ್ಟ್ಸ್‌ನದು. ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಹೆಚ್ಚು–ಕಡಿಮೆಯಾಗುತ್ತ ಉರಿಯುತ್ತವೆ. ಶಟರ್ 1/250, 1/500ಕ್ಕೆ ಏರಿದರೆ ಆ ಏರಿಳಿತದ ಒಂದು ತುಣುಕು ಮಾತ್ರ ಸಿಕ್ಕಿ ಪಟ್ಟಿ ಬೀಳುತ್ತದೆ, ಬಣ್ಣವೂ ಒಂದು ಫೋಟೊದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಅಂಥ ದೀಪದ ಕೆಳಗೆ 1/100 ಅಥವಾ 1/50 ಇಡಿ. ವೇಗದ ಶಟರ್ ಬೇಕಾದ ಚಿತ್ರಗಳನ್ನು ಹಗಲಿನ ಕಿಟಕಿ ಬೆಳಕಿಗೆ ಮೀಸಲಿಡಿ. ಹಗಲು ಬೆಳಕು ಮತ್ತು ಟ್ಯೂಬ್‌ಲೈಟು ಬೆರೆತು ಮುಖದ ಅರ್ಧ ನೀಲಿ, ಅರ್ಧ ಹಸಿರು ಆಗುತ್ತಿದ್ದರೆ ಟ್ಯೂಬ್‌ಲೈಟ್ ಆರಿಸುವುದೇ ಪರಿಹಾರ. ಆರಿಸಲಾಗದಿದ್ದರೆ ಆ ಚಿತ್ರವನ್ನು ಕಪ್ಪು–ಬಿಳುಪು ಮಾಡಿ.

ಐಎಸ್‌ಒ ಹೆಚ್ಚಾದರೆ ಚಿತ್ರ ಕಾಳುಕಾಳಾಗುತ್ತದೆ ಎಂಬ ಭಯ ಹೊಸಬರಿಗೆ ವಿಪರೀತ. ಹಳೆಯ ಡಿಎಸ್‌ಎಲ್‌ಆರ್ ಆದರೂ 1600, 3200ರವರೆಗೆ ಧೈರ್ಯವಾಗಿ ಹೋಗಿ. ಕಾಳುಕಾಳಾದ ಒಳ್ಳೆಯ ಕ್ಷಣವನ್ನು ಜನ ಇಷ್ಟಪಟ್ಟು ನೋಡುತ್ತಾರೆ. ಅಲುಗಾಡಿ ಕಣ್ಣು–ಮೂಗು ಕಲಸಿಹೋದದ್ದನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡಿಕೊಡುವುದಿಲ್ಲ.

ಮಗ ಮುಖ ಸೊಟ್ಟ ಮಾಡುತ್ತಾನೆ ಎಂದಿರಿ. ಮಾಡಲಿ, ಅದನ್ನೂ ತೆಗೆಯಿರಿ. ನಾಲ್ಕೈದು ವರ್ಷದ ಮಗುವಿಗೆ ಕ್ಯಾಮೆರಾ ಎಂದರೆ ಅಮ್ಮ ಆಟ ನಿಲ್ಲಿಸಿ 'ಇಲ್ನೋಡು, ನಗು' ಎನ್ನುವ ಸಾಮಾನು. ಆ ಮಾತನ್ನು ಮನೆಯಲ್ಲಿ ನಿಲ್ಲಿಸಿಬಿಡಿ. ಕ್ಯಾಮೆರಾವನ್ನು ಬೀರುವಿನಲ್ಲಿ ಬೀಗ ಹಾಕಿ ಇಡದೆ, ಮಕ್ಕಳ ಕೈಗೆ ಎಟುಕದ ಆದರೆ ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ಕೆಲವೇ ದಿನಗಳಲ್ಲಿ ಅದು ಮಿಕ್ಸರಿನಷ್ಟೇ ಮಾಮೂಲಿಯಾಗುತ್ತದೆ. ಅವನು ಏನಾದರೂ ಕೆಲಸದಲ್ಲಿ ಮುಳುಗಿದ್ದಾಗ, ಶೂ ಲೇಸಿನ ಜೊತೆ ಗುದ್ದಾಡುವಾಗ, ಇರುವೆ ಸಾಲನ್ನು ನೋಡುತ್ತ ಕುಕ್ಕರಗಾಲಿನಲ್ಲಿ ಕೂತಾಗ, ನೀವೂ ನೆಲದ ಮೇಲೆ ಕೂತು ಅವನ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ನಿಂತು ಮೇಲಿಂದ ತೆಗೆದ ಮಕ್ಕಳ ಫೋಟೊ ದೊಡ್ಡವರ ನೋಟ ಆಗಿಬಿಡುತ್ತದೆ. ಕೂತಿರುವ ಮಗುವಿಗೆ 1/125 ಸಾಕು, ಓಡುವ ಮಗುವಿಗೆ 1/500 ಬೇಕು. ಫೋಕಸ್ ಪಾಯಿಂಟ್ ಒಂದನ್ನೇ ಆರಿಸಿ ಹತ್ತಿರದ ಕಣ್ಣಿನ ಮೇಲಿಡಿ.

ಇನ್ನೊಂದು ಉಪಾಯ, ಮಗಳ ಕೈಗೆ ಕ್ಯಾಮೆರಾ ಕೊಡುವುದು. ಪಟ್ಟಿ ಕೊರಳಿಗೆ ಹಾಕಿ, ಒಂದು ಭಾನುವಾರ ಬೆಳಿಗ್ಗೆ ಅವಳೇ ಮನೆಯ ಫೋಟೊಗ್ರಾಫರ್ ಎನ್ನಿ. ಬೋಧನೆ ಮಾಡಬೇಡಿ. ಫ್ರಾನ್ಸಿನ ಝಾಕ್ ಆನ್ರಿ ಲಾರ್ತಿಗ್ 1894ರಲ್ಲಿ ಹುಟ್ಟಿದವನು, ಚಿಕ್ಕ ಹುಡುಗನಾಗಿದ್ದಾಗಲೇ ಅಪ್ಪನಿಂದ ಕ್ಯಾಮೆರಾ ಪಡೆದವನು. ಮೆಟ್ಟಿಲಿನಿಂದ ಜಿಗಿದು ಗಾಳಿಯಲ್ಲಿ ತೇಲುತ್ತಿರುವ ತನ್ನ ಸಂಬಂಧಿ ಹುಡುಗಿಯ ಪ್ರಸಿದ್ಧ ಚಿತ್ರ ಅವನು ತೆಗೆದದ್ದು 1905ರಲ್ಲಿ, ಹನ್ನೊಂದರ ಆಸುಪಾಸಿನ ವಯಸ್ಸಿನಲ್ಲಿ. ಅಣ್ಣ, ನೆಂಟರು, ನಾಯಿ, ಮನೆಯಲ್ಲಿ ಕಟ್ಟಿದ ಆಟದ ಗಾಡಿಗಳು, ಇವೇ ಅವನ ವಸ್ತು. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆ ಚಿತ್ರಗಳ ಪ್ರದರ್ಶನ ಮಾಡುವವರೆಗೆ ಅವು ಹೆಚ್ಚಾಗಿ ಕುಟುಂಬದ ಆಲ್ಬಂಗಳಲ್ಲೇ ಇದ್ದವು. ಮಗಳು ತೆಗೆದ ಚಿತ್ರಗಳಲ್ಲಿ ಮೇಜಿನ ಅಡಿಭಾಗ, ನಿಮ್ಮ ಮೂಗಿನ ಹೊಳ್ಳೆ, ಅಜ್ಜಿಯ ಮೊಣಕಾಲು ಬರಬಹುದು. ಆ ಎತ್ತರದಿಂದ ನಿಮ್ಮ ಮನೆ ಹೇಗೆ ಕಾಣುತ್ತದೆ ಎಂದು ನಿಮಗೆ ತೋರಿಸಿಕೊಡಲು ಇನ್ನಾರಿಂದಲೂ ಆಗದು.

ಅವಳ ಕೈಯಲ್ಲಿ ಕ್ಯಾಮೆರಾ ಇದ್ದಾಗ ನೀವು ಚೌಕಟ್ಟಿನೊಳಗೆ ಬನ್ನಿ. ಇದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿ ಫೋಟೊ ತೆಗೆಯುವ ಹೆಂಗಸು ಆ ಮನೆಯ ಆಲ್ಬಮ್ಮಿನಿಂದಲೇ ಮಾಯವಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಕ್ಕಳು ದೊಡ್ಡವರಾಗಿ 'ಅಮ್ಮ ಎಲ್ಲಿ?' ಎಂದು ಹುಡುಕುವಂತಾಗಬಾರದು. ಉಮ್ರಾವ್ ಸಿಂಗ್ ಬಗ್ಗೆ ಮುಂದೆ ಹೇಳುತ್ತೇನೆ ಎಂದೆನಲ್ಲ, ಅದು ಇದೇ. ಅವರು ಹೆಂಡತಿ, ಮಕ್ಕಳನ್ನು ತೆಗೆದಷ್ಟೇ ಶ್ರದ್ಧೆಯಿಂದ ತಮ್ಮನ್ನೂ ತೆಗೆದುಕೊಂಡರು, ಯೌವನದಿಂದ ಮುಪ್ಪಿನವರೆಗೆ. ನಿಮ್ಮ ಕ್ಯಾಮೆರಾದಲ್ಲಿ ಹತ್ತು ಸೆಕೆಂಡಿನ ಸೆಲ್ಫ್ ಟೈಮರ್ ಇದೆ. ಪುಸ್ತಕಗಳ ರಾಶಿಯ ಮೇಲಿಟ್ಟು ಒತ್ತಿ, ಹೋಗಿ ಮಗಳ ಜಡೆ ಹಾಕಲು ಕೂತುಬಿಡಿ. ಇವತ್ತು ನೈಟಿ, ನಾಳೆ ಕಾಲೇಜಿಗೆ ಹೊರಟ ಸೀರೆ, ಏನಿದ್ದರೂ ಸರಿ. ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು, ಗಡಿಯಾರ ನೋಡುತ್ತ ಎರಡನೇ ಜಡೆ ಹೆಣೆಯುವ ನಿಮ್ಮ ಮುಖವನ್ನು ನೀವು ನೋಡಿರುವುದಿಲ್ಲ. ಮಗಳು ದಿನವೂ ಕನ್ನಡಿಯಲ್ಲಿ ನೋಡುತ್ತಿರುತ್ತಾಳೆ.

ಸಾಲಾಗಿ ನಿಂತ ಹಬ್ಬದ ಫೋಟೊ ಬಿಡಬೇಕೇ? ಬೇಡ. ಅದು ಸ್ಟುಡಿಯೋ ಕಾಲದಿಂದ ಬಂದ ಅಭ್ಯಾಸ, ಆ ವರ್ಷ ಮನೆಯಲ್ಲಿ ಯಾರು ಯಾರು ಇದ್ದರು ಎಂಬುದಕ್ಕೆ ಅದೇ ದಾಖಲೆ. ಆದರೆ ಐದು ನಿಮಿಷ ಮೊದಲೇ ಶುರು ಮಾಡಿ, ಐದು ನಿಮಿಷ ತಡವಾಗಿ ನಿಲ್ಲಿಸಿ. ಸಾಲು ಕೂಡುವಾಗ ಒಬ್ಬರು ಇನ್ನೊಬ್ಬರ ನೆರಿಗೆ ಸರಿಮಾಡುತ್ತಿರುತ್ತಾರೆ, ಚಿಕ್ಕಪ್ಪ ಫೋನಿನಲ್ಲಿ ಮಾತಾಡುತ್ತಲೇ ಬಂದು ಸೇರುತ್ತಾರೆ, 'ಮುಗೀತು' ಎಂದೊಡನೆ ಎಲ್ಲರ ಹೆಗಲೂ ಸಡಿಲಾಗುತ್ತದೆ. ಒಳ್ಳೆಯ ಚಿತ್ರಗಳು ಅಲ್ಲಿರುತ್ತವೆ.

ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಮಕ್ಕಳ ಜೊತೆ ಮಾಡಲೇಬೇಕಾದ ಪ್ರಯೋಗವೊಂದಿದೆ: ಕೋಣೆಯನ್ನೇ ಕ್ಯಾಮೆರಾ ಮಾಡುವುದು. ಹೊರಗೆ ಚೆನ್ನಾಗಿ ಬಿಸಿಲು ಬಿದ್ದಿರುವ ಬೀದಿಯ ಕಡೆ ಕಿಟಕಿ ಇರುವ ಕೋಣೆ ಆರಿಸಿ. ಕಿಟಕಿಗೆ ರಟ್ಟು, ಕಪ್ಪು ಚಾರ್ಟ್ ಪೇಪರ್ ಅಂಟಿಸಿ, ಬಾಗಿಲ ಸಂದಿಗೂ ಬಟ್ಟೆ ತುರುಕಿ ಪೂರ್ತಿ ಕತ್ತಲು ಮಾಡಿ. ರಟ್ಟಿನ ನಡುವೆ ಒಂದು ಸೆಂಟಿಮೀಟರ್, ಅಂದರೆ ಮಗನ ಬೆರಳು ತೂರುವಷ್ಟು, ತೂತು ಕೊರೆಯಿರಿ. ಐದು ಹತ್ತು ನಿಮಿಷ ಸುಮ್ಮನೆ ಕೂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ಆಗ ಎದುರು ಗೋಡೆಯ ಮೇಲೆ ಇಡೀ ಬೀದಿ ತಲೆಕೆಳಗಾಗಿ ಮೂಡುತ್ತದೆ, ಬಣ್ಣಬಣ್ಣವಾಗಿ. ತೆಂಗಿನ ಮರ ಚಾವಣಿಯಿಂದ ಕೆಳಕ್ಕೆ ತೂಗುತ್ತದೆ, ಸ್ಕೂಟರು ತಲೆಕೆಳಗಾಗಿ ಎಡದಿಂದ ಬಲಕ್ಕೆ ಓಡುತ್ತದೆ. ಬೆಳಕು ನೇರವಾಗಿ ಚಲಿಸುತ್ತದೆ ಎಂಬ ಪಾಠವನ್ನು ಮಗಳು ಅಂದು ಕಣ್ಣಾರೆ ಕಲಿಯುತ್ತಾಳೆ. ಹಳೆಯ ಹೆಂಚಿನ ಮನೆಗಳಲ್ಲಿ ಮಾಡಿನ ಸಣ್ಣ ತೂತಿನಿಂದ ನೆಲಕ್ಕೆ ಬೀಳುವ ದುಂಡನೆಯ ಬೆಳಕಿನ ಬಿಲ್ಲೆಯೂ ಇದೇ ಬಗೆಯದು, ಅದು ಸೂರ್ಯನದೇ ಬಿಂಬ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಮರದ ನೆರಳಿನಲ್ಲಿ ನೂರಾರು ಬೆಳಕಿನ ಕುಡುಗೋಲುಗಳು ಕಂಡದ್ದು ಎಲೆಗಳ ಸಂದಿಯ ಇಂಥ ತೂತುಗಳಿಂದಲೇ.

ಈ ಕೋಣೆಯ ಚಿತ್ರ ತೆಗೆಯಲು ಲೆನ್ಸನ್ನು ಹೆಚ್ಚು ಅಗಲ ಕಾಣುವ 18ಕ್ಕೆ ತಿರುಗಿಸಿ, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿಂಡಿ) ಎಫ್3.5, ಐಎಸ್‌ಒ 800, ಶಟರ್ 15ರಿಂದ 30 ಸೆಕೆಂಡ್ ಇಟ್ಟು, ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಭದ್ರವಾಗಿ ಕೂರಿಸಿ, ಸೆಲ್ಫ್ ಟೈಮರಿನಲ್ಲಿ ಒತ್ತಿ. ಫೋಕಸ್ ಕತ್ತಲಲ್ಲಿ ತಡಕಾಡುತ್ತದೆ, ಮೊದಲೇ ದೀಪ ಹಾಕಿ ಗೋಡೆಗೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಬದಲಿಸಿಡಿ. ಗೋಡೆಗೆ ಒರಗಿ ಅಲುಗಾಡದೆ ಕೂರಲು ಮಗಳನ್ನು ಒಪ್ಪಿಸಿದರೆ, ಅವಳ ಬಿಳಿ ಅಂಗಿಯ ಮೇಲೆ ನಿಮ್ಮ ಬೀದಿ ಬರುತ್ತದೆ.

ತೆಗೆದ ಫೋಟೊಗಳನ್ನು ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಿಂಗಳ ಕೊನೆಗೆ ಕೂತು ಹತ್ತು ಹನ್ನೆರಡನ್ನು ಆರಿಸಿ, ಉಳಿದವನ್ನು ಬೇರೆ ಫೋಲ್ಡರಿಗೆ ಸರಿಸಿ. ಆರಿಸುವ ಕೆಲಸ ಕ್ಲಿಕ್ ಮಾಡುವುದಕ್ಕಿಂತ ಹೆಚ್ಚು ಕಲಿಸುತ್ತದೆ. ಆರಿಸಿದ್ದನ್ನು 4×6 ಇಂಚಿನ ಕಾಗದಕ್ಕೆ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ತಾರೀಖು, ಹೆಸರು ಬರೆಯಿರಿ. ಮೊದಲ ಪ್ರಿಂಟು ಅತ್ತೆಯ ಕೈಗೆ ಹೋಗಲಿ. ಪಾರದರ್ಶಕ ಹಾಳೆ ಎತ್ತಿ ಅಂಟಿಸುವ ಬಗೆಯ ಆಲ್ಬಂ ಕೊಳ್ಳಬೇಡಿ, ಆ ಅಂಟು ವರ್ಷ ಕಳೆದಂತೆ ಫೋಟೊವನ್ನು ಹಳದಿಗಟ್ಟಿಸುತ್ತದೆ, ಕೀಳಲೂ ಬಿಡುವುದಿಲ್ಲ. ಮೂಲ ಫೈಲುಗಳ ಎರಡು ಪ್ರತಿ ಬೇರೆ ಬೇರೆ ಕಡೆ ಇರಲಿ. ಮಕ್ಕಳು ಸ್ನಾನ ಮಾಡುವ, ಅಳುವ ಚಿತ್ರಗಳು, ಶಾಲೆಯ ಹೆಸರು ಕಾಣುವ ಯೂನಿಫಾರ್ಮಿನ ಚಿತ್ರಗಳು ಮನೆಯ ಆಲ್ಬಮ್ಮಿಗೆ ಎಷ್ಟು ಬೇಕಾದರೂ ಇರಲಿ, ಸ್ಟೇಟಸ್ಸಿಗೆ ಬೇಡ. ಮಗಳಿಗೆ ಒಂಬತ್ತು ವರ್ಷ ಆಗಿರಬೇಕು, 'ಇದನ್ನು ಅತ್ತೆ–ಮಾವಂದಿರ ಗ್ರೂಪಿಗೆ ಹಾಕಲಾ?' ಎಂದು ಅವಳನ್ನೇ ಕೇಳುವ ವಯಸ್ಸು ಅದು.

ಇನ್ನು ಲೆನ್ಸು. ಈಗಲೇ ಬೇಡ. ಮುಂದೆ ಕೊಳ್ಳುವುದಾದರೆ ಅಂಗಡಿಯವರು ಮೊದಲು ತೋರಿಸುವುದು 50 ಎಂಎಂ ಎಫ್1.8 ಇರುತ್ತದೆ. ಬೆಲೆ ಕಡಿಮೆ, ಬೆಳಕು ಹೆಚ್ಚು, ಒಳ್ಳೆಯ ಲೆನ್ಸೇ. ಆದರೆ ಈ ಬಗೆಯ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಸಾಮಾನ್ಯವಾಗಿ ಫುಲ್ ಫ್ರೇಮಿಗಿಂತ, ಅಂದರೆ ಹಳೆಯ ಫಿಲ್ಮ್ ಚೌಕಟ್ಟಿನ ಅಳತೆಗಿಂತ, ಚಿಕ್ಕದು, ಹಾಗಾಗಿ ಕಾಣುವ ಜಾಗವೂ ಕಡಿಮೆ. ಅದರಲ್ಲಿ 50ರಿಂದ ನಿಂತ ವ್ಯಕ್ತಿಯನ್ನು ಅಡಿಯಿಂದ ಮುಡಿಯವರೆಗೆ ತೆಗೆಯಬೇಕಾದರೆ, ಕ್ಯಾಮೆರಾ ಉದ್ದುದ್ದ ಹಿಡಿದರೂ ಸುಮಾರು 12 ಅಡಿ ಹಿಂದೆ ಸರಿಯಬೇಕು. ಹತ್ತಡಿ ಕೋಣೆಯಲ್ಲಿ ಬೆನ್ನಿಗೆ ಗೋಡೆ ಬಡಿಯುತ್ತದೆ. 35 ಎಂಎಂ ಆದರೆ ಎಂಟೂವರೆ ಅಡಿ ಸಾಕು, ಕೂತವರಿಗಂತೂ ಇನ್ನೂ ಹತ್ತಿರ. ಕೊಳ್ಳುವ ಮುಂಚೆ ನಿಮ್ಮ 18–55 ಲೆನ್ಸನ್ನು 35ಕ್ಕೆ ತಿರುಗಿಸಿ, ಸರಿಯದಂತೆ ಒಂದು ತುಂಡು ಟೇಪ್ ಅಂಟಿಸಿ ಒಂದು ವಾರ ಅದರಲ್ಲೇ ತೆಗೆಯಿರಿ. ಆಮೇಲೆ 50ಕ್ಕೆ ತಿರುಗಿಸಿ ಇನ್ನೊಂದು ವಾರ. ಅಡುಗೆಮನೆಯಲ್ಲಿ, ನಡುಮನೆಯಲ್ಲಿ ನಿಮಗೆ ಯಾವುದು ಒಗ್ಗಿತೋ ಆ ಲೆನ್ಸನ್ನು ಕೊಳ್ಳಿ.